ಸ್ವಯಂ ಕೋರ್ಸ್: ಹೆಸರು ನೋಂದಾಯಿಸುವುದರಿಂದ ಅಂಕಪಟ್ಟಿಗೆ ಕ್ರೆಡಿಟ್ ಸೇರುವವರೆಗೆ

ತನ್ನ ಕಾಲೇಜಿನಲ್ಲಿ ಕಲಿಸುವವರೇ ಇಲ್ಲದ ವಿಷಯವೊಂದನ್ನು ಓದಬೇಕೆಂಬ ಆಸೆಯಿರುವ ಪದವಿ ವಿದ್ಯಾರ್ಥಿಗೆ ಇಂದು ಸಿಗುವ ಅತ್ಯಂತ ಅಗ್ಗದ ದಾರಿ ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣ. 2017ರ ಜುಲೈ 9ರಂದು ಅಂದಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಅವರು ಚಾಲನೆ ನೀಡಿದ ಈ ವೇದಿಕೆಯಲ್ಲಿ ಒಂಬತ್ತನೇ ತರಗತಿಯಿಂದ ಸ್ನಾತಕೋತ್ತರ ಹಂತದವರೆಗಿನ ಕೋರ್ಸ್‌ಗಳಿವೆ. ಪಾಠ ಕೇಳುವುದಕ್ಕೆ ಹಣ ಕೊಡಬೇಕಿಲ್ಲ. ಪ್ರಮಾಣಪತ್ರ ಬೇಕೆನ್ನುವವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಿ, ಮೇಲ್ವಿಚಾರಕರಿರುವ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಆದರೂ ಉತ್ಸಾಹದಿಂದ ಹೆಸರು ನೋಂದಾಯಿಸಿದವರಲ್ಲಿ ಪರೀಕ್ಷಾ ಕೊಠಡಿಯವರೆಗೆ ತಲುಪುವವರು ಕಡಿಮೆ. ಪಾಠ ಅರ್ಥವಾಗದೆ ಬಿಟ್ಟವರಿಗಿಂತ ದಿನಾಂಕಗಳನ್ನು ಗಮನಿಸದೆ ಹೊರಗುಳಿದವರೇ ಹೆಚ್ಚೆಂಬುದು ಈ ಲೇಖಕರ ಅಭಿಪ್ರಾಯ. ಆದ್ದರಿಂದ ಇಲ್ಲಿನ ವಿವರಣೆಯಲ್ಲಿ ಪಾಠಕ್ಕಿಂತ ದಿನಾಂಕ, ನಮೂನೆ ಮತ್ತು ನಿಯಮಗಳಿಗೇ ಹೆಚ್ಚು ಜಾಗ ಕೊಡಲಾಗಿದೆ.

ಸ್ವಯಂನಲ್ಲಿ ಕೋರ್ಸ್‌ಗಳನ್ನು ರೂಪಿಸುವ ಹೊಣೆ ಒಂಬತ್ತು ರಾಷ್ಟ್ರೀಯ ಸಂಯೋಜಕ ಸಂಸ್ಥೆಗಳದ್ದು. ಶಾಲಾ ಹಂತಕ್ಕೆ ಎನ್‌ಸಿಇಆರ್‌ಟಿ ಮತ್ತು ಎನ್‌ಐಒಎಸ್, ಪದವಿ ಹಂತಕ್ಕೆ ಸಿಇಸಿ (ಶೈಕ್ಷಣಿಕ ಸಂವಹನ ಒಕ್ಕೂಟ), ಸ್ನಾತಕೋತ್ತರಕ್ಕೆ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ), ಮ್ಯಾನೇಜ್‌ಮೆಂಟ್ ವಿಷಯಗಳಿಗೆ ಬೆಂಗಳೂರಿನ ಐಐಎಂ ಹೀಗೆ ಕೆಲಸ ಹಂಚಿಕೆಯಾಗಿದೆ. ಎಂಜಿನಿಯರಿಂಗ್ ಮತ್ತು ವಿಜ್ಞಾನದ ವಿದ್ಯಾರ್ಥಿಗಳು ಹೆಚ್ಚಾಗಿ ಸೇರುವುದು ಎನ್‌ಪಿಟೆಲ್ (ತಂತ್ರಜ್ಞಾನ ಆಧಾರಿತ ಕಲಿಕೆಯ ರಾಷ್ಟ್ರೀಯ ಯೋಜನೆ) ಕೋರ್ಸ್‌ಗಳಿಗೆ. ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಈ ಯೋಜನೆಯ ನಿಯಮಗಳು ಸ್ಪಷ್ಟವಾಗಿರುವುದರಿಂದ ಇಲ್ಲಿ ಅದನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

ಮೊದಲ ಹೆಜ್ಜೆ: ಕಾಲೇಜಿನಲ್ಲಿ ವಿಚಾರಿಸಿ

ಕೋರ್ಸ್ ಆಯ್ಕೆಗೆ ಮುನ್ನ ವಿಭಾಗದ ಮುಖ್ಯಸ್ಥರನ್ನೋ ಕಾಲೇಜಿನ ಸ್ವಯಂ ಸಂಯೋಜಕರನ್ನೋ ಭೇಟಿ ಮಾಡಿ ಒಂದು ಪ್ರಶ್ನೆ ಕೇಳಬೇಕು: ಈ ಕೋರ್ಸ್ ಮುಗಿಸಿದರೆ ಅದರ ಕ್ರೆಡಿಟ್ (ಓದಿನ ಪ್ರಮಾಣಕ್ಕೆ ತಕ್ಕಂತೆ ಪದವಿಯ ಲೆಕ್ಕಕ್ಕೆ ಸಿಗುವ ಅಂಶ) ನನ್ನ ಪದವಿಗೆ ಸೇರುತ್ತದೆಯೇ? ಯುಜಿಸಿಯ 2021ರ ನಿಯಮಾವಳಿಯ ಪ್ರಕಾರ ಒಂದು ಸೆಮಿಸ್ಟರ್‌ನಲ್ಲಿ ಓದುವ ಒಟ್ಟು ಕೋರ್ಸ್‌ಗಳ ಪೈಕಿ ಗರಿಷ್ಠ ಶೇ 40ರಷ್ಟನ್ನು ಸ್ವಯಂ ಮೂಲಕ ಪಡೆಯಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಬಹುದು. ಅದಕ್ಕೂ ಮೊದಲಿನ ನಿಯಮದಲ್ಲಿ ಈ ಮಿತಿ ಶೇ 20 ಇತ್ತು. ಆದರೆ ಯಾವ ಕೋರ್ಸ್ ಯಾವ ಪತ್ರಿಕೆಗೆ ಸಮ, ಎಷ್ಟು ಕ್ರೆಡಿಟ್ ಎಂಬುದನ್ನು ನಿರ್ಧರಿಸುವುದು ಆಯಾ ವಿಶ್ವವಿದ್ಯಾಲಯವೇ. ಸ್ನೇಹಿತ ಬೇರೆ ವಿಶ್ವವಿದ್ಯಾಲಯದಲ್ಲಿ ಪಡೆದ ಕ್ರೆಡಿಟ್ ನಿಮ್ಮಲ್ಲೂ ಸಿಗುತ್ತದೆಂದು ಎಣಿಸುವಂತಿಲ್ಲ. ಒಪ್ಪಿಗೆಯನ್ನು ಬಾಯಿಮಾತಿನಲ್ಲಿ ಬಿಡದೆ ಅರ್ಜಿಯ ಮೇಲೆ ಸಹಿ ಪಡೆದು ಒಂದು ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು. ಫಲಿತಾಂಶ ಬರುವ ಹೊತ್ತಿಗೆ ಸಂಯೋಜಕರು ವರ್ಗಾವಣೆಯಾಗಿ ಹೋಗಿರುವುದು ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಹೊಸ ಸಂಗತಿಯೇನಲ್ಲ.

ಇಲ್ಲೊಂದು ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ಸ್ವಯಂ ಕೋರ್ಸ್ ಎಂದರೆ ಒಂದು ವಿಷಯದ ಓದು ಮಾತ್ರ. ಅದು ದೂರಶಿಕ್ಷಣದ ಪದವಿಯಲ್ಲ. ಪೂರ್ಣ ಪದವಿಯನ್ನೇ ಮನೆಯಿಂದ ಓದಬೇಕೆನ್ನುವವರ ದಾರಿ ಬೇರೆ. ಮೈಸೂರು ವಿಶ್ವವಿದ್ಯಾಲಯದ ಅಂಚೆ ಶಿಕ್ಷಣ ವಿಭಾಗದಿಂದ ಬೆಳೆದು 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಂತಹ ಸಂಸ್ಥೆಗಳು ಇರುವುದು ಅವರಿಗಾಗಿ. ಅಂತಹ ಪದವಿಗೆ ಸೇರುವ ಮುನ್ನ ಆ ವರ್ಷ, ಆ ಪದವಿಗೆ ಯುಜಿಸಿಯ ದೂರಶಿಕ್ಷಣ ಮಂಡಳಿಯ ಮಾನ್ಯತೆ ಇದೆಯೇ ಎಂದು ಮಂಡಳಿಯ ಜಾಲತಾಣದಲ್ಲೇ ನೋಡಬೇಕೇ ಹೊರತು ಜಾಹೀರಾತನ್ನು ನಂಬಬಾರದು.

ಎರಡನೆಯ ಹೆಜ್ಜೆ: ಖಾತೆ ಮತ್ತು ಹೆಸರು

ಖಾತೆ ತೆರೆಯುವುದು ಕೆಲವೇ ನಿಮಿಷಗಳ ಕೆಲಸವಾದರೂ ಮುಂದಿನ ತೊಂದರೆಗಳಲ್ಲಿ ಹಲವು ಹುಟ್ಟುವುದು ಅಲ್ಲೇ. ಕಾಲೇಜು ಕೊಟ್ಟ ಇಮೇಲ್ ಓದು ಮುಗಿದ ಮೇಲೆ ನಿಂತುಹೋಗಬಹುದಾದ್ದರಿಂದ, ಕಾಲೇಜೇ ಕಡ್ಡಾಯ ಮಾಡದಿದ್ದರೆ, ಸದಾ ನೋಡುವ ಸ್ವಂತ ಇಮೇಲ್ ಬಳಸುವುದು ಲೇಸು. ನೋಂದಣಿಗೆ ಒಂದು ಇಮೇಲ್, ಪರೀಕ್ಷಾ ಅರ್ಜಿಗೆ ಇನ್ನೊಂದು ಬಳಸಿದರೆ ಅಸೈನ್‌ಮೆಂಟ್‌ನ ಅಂಕಗಳು ಪರೀಕ್ಷೆಯ ಅಂಕಗಳ ಜತೆ ಸೇರುವುದಿಲ್ಲ.

ಹೆಸರಿನ ವಿಷಯದಲ್ಲಿ ನಮ್ಮವರು ಇನ್ನೂ ಎಚ್ಚರದಿಂದಿರಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಅದು ಬಿಡಿಸಿಕೊಂಡು ತಂದೆಯ ಹೆಸರಾಗಿ ಮುಂದೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೂರನೆಯ ರೂಪ. ಇದು ಕರ್ನಾಟಕದ ಮನೆಮನೆಯ ಕಥೆ. ಪ್ರಮಾಣಪತ್ರದಲ್ಲಿ ಅಚ್ಚಾಗುವುದು ಪರೀಕ್ಷಾ ಅರ್ಜಿಯಲ್ಲಿ ನೀವು ಬರೆದ ಹೆಸರು. ಕ್ರೆಡಿಟ್ ಜಮೆಯಾಗುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆಯಾದರೋ ಡಿಜಿಲಾಕರ್ ಮೂಲಕ ಆಧಾರ್‌ಗೆ ಹೊಂದಿಕೊಂಡಿರುತ್ತದೆ. ಇವೆರಡೂ ಕಾಲೇಜಿನ ದಾಖಲೆಯೊಂದಿಗೆ ತಾಳೆಯಾಗುವಂತೆ ಮೊದಲೇ ಸರಿಪಡಿಸಿಕೊಂಡರೆ ಕೊನೆಯಲ್ಲಿ ಅಫಿಡವಿಟ್ ಹಿಡಿದು ಅಲೆಯುವುದು ತಪ್ಪುತ್ತದೆ.

ಮೂರನೆಯ ಹೆಜ್ಜೆ: ಕೋರ್ಸ್ ಪುಟವನ್ನು ಪೂರ್ತಿ ಓದಿ

ಎನ್‌ಪಿಟೆಲ್‌ನಲ್ಲಿ ಜನವರಿ ಮತ್ತು ಜುಲೈಯಲ್ಲಿ ಎರಡು ಅವಧಿಗಳು ಆರಂಭವಾಗುತ್ತವೆ. ಕೋರ್ಸ್‌ಗಳು 4, 8 ಅಥವಾ 12 ವಾರಗಳವು. ಕ್ರಮವಾಗಿ ಸುಮಾರು 10, 20 ಮತ್ತು 30 ಗಂಟೆಗಳ ವಿಡಿಯೊ ಪಾಠ ಇರುತ್ತದೆ. ಅಂದರೆ ವಾರಕ್ಕೆ ಎರಡೂವರೆ ಗಂಟೆಯ ಪಾಠ. ಅಸೈನ್‌ಮೆಂಟ್ ಮತ್ತು ಟಿಪ್ಪಣಿ ಸೇರಿದರೆ ಐದಾರು ಗಂಟೆ ಬೇಕು. ಒಂದೇ ಅವಧಿಯಲ್ಲಿ ನಾಲ್ಕು ಕೋರ್ಸ್‌ಗೆ ಹೆಸರು ಕೊಡುವವರು ಈ ಲೆಕ್ಕವನ್ನು ಹಾಕಿರುವುದಿಲ್ಲ. ಮೊದಲ ಬಾರಿಗೆ ಒಂದೇ ಸಾಕು, ಅದೂ 8 ವಾರದ್ದಾದರೆ ಉತ್ತಮ.

ಕೋರ್ಸ್ ಪುಟದಲ್ಲಿ ನೋಂದಣಿಯ ಕೊನೆಯ ದಿನ, ಪರೀಕ್ಷೆಯ ದಿನ, ಮೊದಲೇ ತಿಳಿದಿರಬೇಕಾದ ವಿಷಯಗಳು ಇವೆಲ್ಲವನ್ನೂ ಕೊಟ್ಟಿರುತ್ತಾರೆ. ಪರೀಕ್ಷೆಯ ದಿನ ನಿಮ್ಮ ಸೆಮಿಸ್ಟರ್ ಪರೀಕ್ಷೆಗೋ ಪ್ರಾಯೋಗಿಕ ಪರೀಕ್ಷೆಗೋ ಅಡ್ಡಬರುತ್ತದೆಯೇ ಎಂದು ಈಗಲೇ ನೋಡಿಕೊಳ್ಳಬೇಕು. ಅದೇ ಕೋರ್ಸ್ ಹಿಂದೆ ನಡೆದಿದ್ದರೆ ಅದರ ವಿಡಿಯೊಗಳು ಎನ್‌ಪಿಟೆಲ್ ತಾಣದಲ್ಲೂ ಯೂಟ್ಯೂಬ್‌ನಲ್ಲೂ ಸಿಗುತ್ತವೆ; ಎರಡು ಪಾಠ ಕೇಳಿದರೆ ಅಧ್ಯಾಪಕರ ಮಾತು, ವೇಗ, ಗಣಿತದ ಮಟ್ಟ ನಿಮಗೆ ಹೊಂದುತ್ತದೆಯೇ ಎಂಬುದು ತಿಳಿದುಬಿಡುತ್ತದೆ. ಕೋರ್ಸ್‌ನ ಹೆಸರು ನೋಡಿ ಸೇರುವುದಕ್ಕಿಂತ ಇದು ಎಷ್ಟೋ ಮೇಲು.

ನಾಲ್ಕನೆಯ ಹೆಜ್ಜೆ: ಪಾಠ, ಡೇಟಾ ಮತ್ತು ಭಾಷೆ

ಹಳ್ಳಿಯಲ್ಲಿ ಮೊಬೈಲ್ ಡೇಟಾ ನಂಬಿಕೊಂಡು ಓದುವವರು ವಿಡಿಯೊದ ಗುಣಮಟ್ಟವನ್ನು 360ಪಿಗೆ ಇಳಿಸಿಕೊಂಡರೆ ಗಂಟೆಗೆ ಸುಮಾರು 300 ಎಂಬಿ ಖರ್ಚಾಗುತ್ತದೆ. ವಾರದ ಪಾಠಕ್ಕೆ ಒಂದು ಜಿಬಿ ಒಳಗೇ ಆಯಿತು. ಸ್ಲೈಡಿನ ಸಮೀಕರಣ ಮಸುಕಾಗಿ ಕಂಡರೆ ಗುಣಮಟ್ಟ ಹೆಚ್ಚಿಸುವ ಬದಲು ಅದೇ ಪಾಠದ ಪಿಡಿಎಫ್ ತೆರೆದಿಟ್ಟುಕೊಳ್ಳಬಹುದು. ಎನ್‌ಪಿಟೆಲ್ ತಾಣದಿಂದ ವಿಡಿಯೊಗಳನ್ನು ಇಳಿಸಿಕೊಳ್ಳಲು ಅವಕಾಶವಿರುವುದರಿಂದ ಸಿಗ್ನಲ್ ಸಿಗುವ ಕಡೆ, ಕಾಲೇಜಿನ ವೈಫೈಯಲ್ಲೋ ಇಂಟರ್ನೆಟ್ ಇರುವ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲೋ, ವಾರದ ಪಾಠಗಳನ್ನು ಒಮ್ಮೆಗೇ ಇಳಿಸಿಕೊಂಡು ಮನೆಯಲ್ಲಿ ನೋಡಬಹುದು. ಮಲೆನಾಡಿನ ಎಷ್ಟೋ ಮನೆಗಳಲ್ಲಿರುವಂತೆ ನೆಟ್‌ವರ್ಕ್ ಇಲ್ಲವೇ ಇಲ್ಲ ಎನ್ನುವಲ್ಲಿ ಡಿಡಿ ಫ್ರೀ ಡಿಶ್‌ನಲ್ಲಿ ಉಚಿತವಾಗಿ ಬರುವ ಸ್ವಯಂ ಪ್ರಭಾ ವಾಹಿನಿಗಳು ಸ್ವಲ್ಪ ನೆರವಾಗುತ್ತವೆ. ಅವುಗಳಲ್ಲಿ ಒಂದೇ ಪಾಠ ದಿನದಲ್ಲಿ ಹಲವು ಬಾರಿ ಮರುಪ್ರಸಾರವಾಗುವುದರಿಂದ ದನ ಕಟ್ಟಿ ಹಾಲು ಕರೆದ ಮೇಲೂ ನೋಡಲು ಸಿಗುತ್ತದೆ. ಆದರೆ ಟಿವಿ ನೋಡಿದರೆ ಅಸೈನ್‌ಮೆಂಟ್ ಸಲ್ಲಿಕೆಯಾಗುವುದಿಲ್ಲ. ಅದಕ್ಕೆ ವಾರಕ್ಕೊಮ್ಮೆಯಾದರೂ ಇಂಟರ್ನೆಟ್ ಬೇಕೇ ಬೇಕು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇರುವ ತೊಡಕು ಇಂಗ್ಲಿಷ್. ಹೆಚ್ಚಿನ ಪಾಠಗಳು ಇಂಗ್ಲಿಷಿನಲ್ಲೇ ಇವೆ. ಎನ್‌ಪಿಟೆಲ್ ಕೆಲವು ಕೋರ್ಸ್‌ಗಳ ಪಾಠದ ಲಿಖಿತ ರೂಪವನ್ನು ಕನ್ನಡ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಒದಗಿಸಿದೆ. ನಿಮ್ಮ ಕೋರ್ಸ್‌ಗೆ ಅದಿದೆಯೇ ನೋಡಿ, ಇದ್ದರೆ ಮೊದಲು ಅದನ್ನು ಓದಿ ಆಮೇಲೆ ವಿಡಿಯೊ ನೋಡುವುದು ಸುಲಭ. ಇಲ್ಲದಿದ್ದರೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ವೇಗ ತಗ್ಗಿಸಿ ನೋಡಿ, ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೇ ಉಳಿಸಿಕೊಂಡು ವಿವರಣೆಯನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಪರೀಕ್ಷೆ ಇಂಗ್ಲಿಷಿನಲ್ಲಿ ಬರುವಾಗ ಪದಗಳು ಪರಿಚಿತವಾಗಿರುತ್ತವೆ, ಅರ್ಥ ಮಾತ್ರ ನಿಮ್ಮ ಭಾಷೆಯಲ್ಲಿ ಗಟ್ಟಿಯಾಗಿರುತ್ತದೆ. ಚರ್ಚಾ ವೇದಿಕೆಯಲ್ಲಿ ಪ್ರಶ್ನೆ ಕೇಳಲು ಭಾಷೆಯ ಸಂಕೋಚ ಬೇಡ. ಕೋರ್ಸ್‌ನ ಬೋಧನಾ ಸಹಾಯಕರು ಉತ್ತರಿಸುವುದು ಪ್ರಶ್ನೆಗೇ ಹೊರತು ವ್ಯಾಕರಣಕ್ಕಲ್ಲ.

ಐದನೆಯ ಹೆಜ್ಜೆ: ಅಸೈನ್‌ಮೆಂಟ್‌ನ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲೇ ಆದ್ದರಿಂದ ನಿಧಾನವಾಗಿ ಓದಬೇಕು. ಎನ್‌ಪಿಟೆಲ್‌ನಲ್ಲಿ ಒಟ್ಟು 100 ಅಂಕಗಳಲ್ಲಿ 25 ಅಸೈನ್‌ಮೆಂಟ್‌ಗೆ, 75 ಪರೀಕ್ಷೆಗೆ. 12 ವಾರದ ಕೋರ್ಸ್‌ನಲ್ಲಿ ಅತ್ಯುತ್ತಮ 8 ಅಸೈನ್‌ಮೆಂಟ್‌ಗಳ, 8 ವಾರದ್ದರಲ್ಲಿ 6ರ, 4 ವಾರದ್ದರಲ್ಲಿ 3ರ ಸರಾಸರಿಯನ್ನು ತೆಗೆದುಕೊಳ್ಳುತ್ತಾರೆ. ಪ್ರಮಾಣಪತ್ರ ಸಿಗಬೇಕಾದರೆ ಅಸೈನ್‌ಮೆಂಟ್‌ನಲ್ಲಿ 25ಕ್ಕೆ ಕನಿಷ್ಠ 10, ಪರೀಕ್ಷೆಯಲ್ಲಿ 75ಕ್ಕೆ ಕನಿಷ್ಠ 30, ಎರಡೂ ಬರಬೇಕು.

ಒಬ್ಬ ವಿದ್ಯಾರ್ಥಿ 12 ವಾರದ ಕೋರ್ಸ್‌ನಲ್ಲಿ ಎಂಟು ಅಸೈನ್‌ಮೆಂಟ್ ಸಲ್ಲಿಸಿ ಸರಾಸರಿ 72 ಪಡೆದರೆ ಅದು 25ಕ್ಕೆ 18 ಆಗುತ್ತದೆ, ಪರೀಕ್ಷೆಯಲ್ಲಿ ನೂರಕ್ಕೆ 60 ಬಂದರೆ 75ಕ್ಕೆ 45, ಒಟ್ಟು 63. ಇನ್ನೊಬ್ಬ ಜಾಣ ಮೂರೇ ಅಸೈನ್‌ಮೆಂಟ್ ಸಲ್ಲಿಸಿ ಮೂರರಲ್ಲೂ 90 ಪಡೆದ ಎನ್ನೋಣ. ಭಾಗಿಸುವುದು ಎಂಟರಿಂದಲೇ ಆದ್ದರಿಂದ ಅವನ ಸರಾಸರಿ 33.75, ಅಂದರೆ 25ಕ್ಕೆ ಸುಮಾರು 8.4. ಪರೀಕ್ಷೆಯಲ್ಲಿ ಅವನು ನೂರಕ್ಕೆ 68 ತೆಗೆದು 75ಕ್ಕೆ 51 ಪಡೆದರೂ ಪ್ರಮಾಣಪತ್ರ ಸಿಗುವುದಿಲ್ಲ. ಪರೀಕ್ಷೆಯಲ್ಲಿ ಹಿಂದಿನವನಿಗಿಂತ ಹೆಚ್ಚು ಅಂಕ, ಕಟ್ಟಿದ ಶುಲ್ಕ, ಕೇಂದ್ರಕ್ಕೆ ಹೋಗಿಬಂದ ಖರ್ಚು, ಎಲ್ಲವೂ ವ್ಯರ್ಥ. ಬೇರೆ ಸಂಯೋಜಕ ಸಂಸ್ಥೆಗಳಲ್ಲಿ ಈ ಪ್ರಮಾಣ 30:70 ಇರುವುದುಂಟು, ಹಾಗಾಗಿ ನಿಮ್ಮ ಕೋರ್ಸ್‌ನ ನಿಯಮವನ್ನೇ ನೋಡಿಕೊಳ್ಳಬೇಕು.

ಪ್ರತಿ ಅಸೈನ್‌ಮೆಂಟ್‌ಗೂ ಕೊನೆಯ ದಿನಾಂಕ, ಗಂಟೆ ನಿಗದಿಯಾಗಿರುತ್ತದೆ. ಅದು ಮೀರಿದರೆ ವಿನಂತಿ, ಕಾರಣ ಯಾವುದೂ ನಡೆಯದು. ಗಡುವಿನೊಳಗೆ ಎಷ್ಟು ಬಾರಿಯಾದರೂ ತಿದ್ದಿ ಸಲ್ಲಿಸಬಹುದು, ಕೊನೆಯ ಸಲ್ಲಿಕೆಯನ್ನೇ ಪರಿಗಣಿಸುತ್ತಾರೆ. ಆದ್ದರಿಂದ ಪ್ರಶ್ನೆಗಳು ತೆರೆದ ದಿನವೇ ಗೊತ್ತಿರುವಷ್ಟಕ್ಕೆ ಉತ್ತರಿಸಿ ಸಲ್ಲಿಸಿಬಿಟ್ಟು, ಪಾಠ ಕೇಳಿದ ಮೇಲೆ ತಿದ್ದುವುದು ಜಾಣತನ. ಕೊನೆಯ ರಾತ್ರಿ ಕರೆಂಟ್ ಹೋದರೂ ಸೊನ್ನೆಯಂತೂ ಬರುವುದಿಲ್ಲ.

ಆರನೆಯ ಹೆಜ್ಜೆ: ಪರೀಕ್ಷೆಗೆ ಪ್ರತ್ಯೇಕ ನೋಂದಣಿ

ಕೋರ್ಸ್‌ಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಸೇರಿರುವುದಿಲ್ಲ. ಕೋರ್ಸ್ ನಡೆಯುತ್ತಿರುವಾಗ ಪರೀಕ್ಷಾ ಅರ್ಜಿ ಬೇರೆಯಾಗಿ ತೆರೆಯುತ್ತದೆ; ಅದನ್ನು ತುಂಬಿ, ಭಾವಚಿತ್ರ ಮತ್ತು ಸಹಿ ಅಪ್‌ಲೋಡ್ ಮಾಡಿ, ಶುಲ್ಕ ಕಟ್ಟಿ, ಪರೀಕ್ಷಾ ನಗರವನ್ನು ಆರಿಸಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೂ ಅಂಗವಿಕಲರಿಗೂ ಶುಲ್ಕದಲ್ಲಿ ರಿಯಾಯಿತಿ ಇದ್ದು, ಅದಕ್ಕೆ ಪ್ರಮಾಣಪತ್ರದ ಸ್ಕ್ಯಾನ್ ಪ್ರತಿ ಸಿದ್ಧವಿರಬೇಕು. ಹಣ ಕಡಿತವಾಗಿಯೂ ಅರ್ಜಿಯಲ್ಲಿ ‘ಪಾವತಿಯಾಗಿಲ್ಲ’ ಎಂದೇ ತೋರಿಸಿದರೆ ಕೂಡಲೇ ಎರಡನೆಯ ಬಾರಿ ಕಟ್ಟದೆ, ವಹಿವಾಟಿನ ಸಂಖ್ಯೆಯೊಂದಿಗೆ ಸಹಾಯವಾಣಿಗೆ ಬರೆದು ಉತ್ತರ ಕಾಯಬೇಕು. ಇದಕ್ಕೆ ಸಮಯ ಉಳಿಯಬೇಕಾದರೆ ಕೊನೆಯ ದಿನದವರೆಗೆ ಕಾಯಬಾರದು.

ಎನ್‌ಪಿಟೆಲ್ ಪರೀಕ್ಷೆ ಕಂಪ್ಯೂಟರ್ ಮೇಲೆ ಮೂರು ಗಂಟೆ ನಡೆಯುತ್ತದೆ. ಬೆಳಿಗ್ಗೆ ಮತ್ತು ಮಧ್ಯಾಹ್ನ ಎರಡು ಸರದಿಗಳಿರುತ್ತವೆ. ಕೇಂದ್ರಗಳು ಸಾಮಾನ್ಯವಾಗಿ ದೊಡ್ಡ ಊರುಗಳಲ್ಲಿ, ಊರ ಹೊರಗಿನ ಎಂಜಿನಿಯರಿಂಗ್ ಕಾಲೇಜುಗಳಲ್ಲೋ ಪರೀಕ್ಷಾ ಸಂಸ್ಥೆಗಳ ಕಟ್ಟಡಗಳಲ್ಲೋ ಇರುತ್ತವೆ. ಯಲ್ಲಾಪುರದಿಂದ ಹುಬ್ಬಳ್ಳಿಗೋ ಮಡಿಕೇರಿಯಿಂದ ಮೈಸೂರಿಗೋ ಹೋಗಬೇಕಾದವರು ಬೆಳಗಿನ ಸರದಿಗೆ ಹಿಂದಿನ ಸಂಜೆಯೇ ಹೊರಡುವುದು ಅನಿವಾರ್ಯ. ಮಧ್ಯಾಹ್ನದ ಸರದಿ ಆರಿಸಲು ಅವಕಾಶವಿದ್ದರೆ ಅದನ್ನೇ ಆರಿಸಿಕೊಳ್ಳಿ. ಪ್ರವೇಶ ಪತ್ರದ ಮುದ್ರಿತ ಪ್ರತಿಯೂ ಮೂಲ ಗುರುತಿನ ಚೀಟಿಯೂ ಕೈಯಲ್ಲಿರಲಿ.

ಏಳನೆಯ ಹೆಜ್ಜೆ: ಕ್ರೆಡಿಟ್ ಪಡೆಯುವುದು

ಫಲಿತಾಂಶ ಬಂದಾಗ ಕ್ಯೂಆರ್ ಕೋಡ್ ಇರುವ ಇ-ಪ್ರಮಾಣಪತ್ರ ಸಿಗುತ್ತದೆ. ಎನ್‌ಪಿಟೆಲ್‌ನಲ್ಲಿ 60ರಿಂದ 74ರವರೆಗೆ ‘ಎಲೀಟ್’, 75ರಿಂದ 89ರವರೆಗೆ ಅದರ ಜತೆ ಬೆಳ್ಳಿ, 90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಚಿನ್ನದ ಗುರುತು ಇರುತ್ತದೆ. ನೌಕರಿಯ ಅರ್ಜಿಯಲ್ಲಿ ಇವುಗಳಿಗೆ ಸ್ವಲ್ಪ ಬೆಲೆಯಿದ್ದರೂ ಪದವಿಯ ದೃಷ್ಟಿಯಿಂದ ಉತ್ತೀರ್ಣರಾದದ್ದೇ ಮುಖ್ಯ.

ಪ್ರಮಾಣಪತ್ರ ಬಂದ ಕೂಡಲೇ ಕ್ರೆಡಿಟ್ ತಾನಾಗಿ ಅಂಕಪಟ್ಟಿಗೆ ಹೋಗಿ ಕೂರುತ್ತದೆ ಎಂದು ಭಾವಿಸಬಾರದು. ಅಕಾಡೆಮಿಕ್ ಬ್ಯಾಂಕ್‌ನ 12 ಅಂಕಿಯ ಗುರುತಿನ ಸಂಖ್ಯೆಯನ್ನು ಡಿಜಿಲಾಕರ್‌ನಲ್ಲಿ ಪಡೆದು, ಸ್ವಯಂ ಖಾತೆಯಲ್ಲೂ ಕಾಲೇಜಿನಲ್ಲೂ ಕೊಟ್ಟಿರಬೇಕು. ಅಲ್ಲಿ ಜಮೆಯಾದ ಕ್ರೆಡಿಟ್‌ಗೆ ಗರಿಷ್ಠ ಏಳು ವರ್ಷದ ಮಾನ್ಯತೆ ಇರುತ್ತದೆ. ನಂತರ ಪ್ರಮಾಣಪತ್ರದ ಪ್ರತಿ, ಮೊದಲ ಹೆಜ್ಜೆಯಲ್ಲಿ ಪಡೆದ ಒಪ್ಪಿಗೆಯ ಪ್ರತಿ ಮತ್ತು ಒಂದು ಅರ್ಜಿಯನ್ನು ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಆ ಸೆಮಿಸ್ಟರ್‌ನ ಅಂಕಪಟ್ಟಿ ಬಂದ ದಿನವೇ ಕೋರ್ಸ್‌ನ ಹೆಸರು ಮತ್ತು ಕ್ರೆಡಿಟ್ ಎರಡೂ ಸರಿಯಾಗಿ ನಮೂದಾಗಿವೆಯೇ ಎಂದು ನೋಡಿ, ಇಲ್ಲದಿದ್ದರೆ ಅದೇ ವಾರ ಸ್ವೀಕೃತಿ ಪತ್ರವನ್ನು ಲಗತ್ತಿಸಿ ತಿದ್ದುಪಡಿಗೆ ಅರ್ಜಿ ಸಲ್ಲಿಸಬೇಕು.