ಬೇಸಿಗೆಗೊಂದು ನಕ್ಷೆ, ಮಳೆಗಾಲಕ್ಕೊಂದು

ತೀರ್ಥಹಳ್ಳಿ ತಾಲ್ಲೂಕಿನ ನಾಲ್ಕು ಗ್ರಾಮಗಳಲ್ಲಿ 60 ವರ್ಷ ದಾಟಿದವರ ಮನೆಗಳಿಂದ ಬಸ್ ನಿಲ್ದಾಣ, ನ್ಯಾಯಬೆಲೆ ಅಂಗಡಿ, ಅಂಚೆ ಕಚೇರಿ ಮತ್ತು ಆರೋಗ್ಯ ಕೇಂದ್ರಗಳು ಎಷ್ಟು ದೂರದಲ್ಲಿವೆ ಎಂಬುದನ್ನು ನಕ್ಷೆಯಲ್ಲಿ ತೋರಿಸಲು ಹೊರಟಾಗ, ಮೊದಲ ತೊಡಕು ಅಂಕಿಅಂಶಗಳಲ್ಲೇ ಎದುರಾಯಿತು. 2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಈ ವಯಸ್ಸಿನವರ ಪಾಲು ಸುಮಾರು ಶೇ 9.5. ಆದರೆ ಗ್ರಾಮ ಮಟ್ಟದ ಪ್ರಾಥಮಿಕ ಸಾರಾಂಶದಲ್ಲಿ ಆರು ವರ್ಷದೊಳಗಿನ ಮಕ್ಕಳ ಸಂಖ್ಯೆ ಪ್ರತ್ಯೇಕವಾಗಿ ಸಿಗುತ್ತದೆಯೇ ಹೊರತು ವೃದ್ಧರದು ಸಿಗುವುದಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿಯ ಪಟ್ಟಿಯಿಂದಲೂ ಕೆಲಸ ಸಾಗಲಿಲ್ಲ. ಅದು 65 ದಾಟಿದ ಬಡವರಿಗೆ ಸೀಮಿತವಾದ್ದರಿಂದ, ಮಕ್ಕಳು ಬೆಂಗಳೂರು ಸೇರಿದ ಮೇಲೆ ಎರಡೆಕರೆ ಅಡಿಕೆ ತೋಟದ ನಡುವೆ ಒಬ್ಬರೇ ಉಳಿದವರು ಅದರಲ್ಲಿ ಇರುವುದಿಲ್ಲ. ಹಾಗಾಗಿ ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಮನೆಮನೆಗೆ ನಡೆದು, ಸ್ಥಳ ಗುರುತಿಸುವ ಮೊಬೈಲ್ ಆ್ಯಪ್ ಕ್ಯೂಫೀಲ್ಡ್‌ನಲ್ಲಿ ಒಂದೊಂದೇ ಬಿಂದು ಗುರುತಿಸಬೇಕಾಯಿತು.

ಗಣಕದಲ್ಲಿ ನಕ್ಷೆ ಮಾಡಲು ಬಳಸಿದ ಕ್ಯೂಜಿಐಎಸ್ ಉಚಿತ ತಂತ್ರಾಂಶ, ಕಲಿಯುವುದೂ ಕಷ್ಟವಲ್ಲ. ಆದರೂ ಮೊದಲ ದಿನ ಆರೋಗ್ಯ ಕೇಂದ್ರದ ಸುತ್ತ ಎರಡು ಕಿಲೋಮೀಟರಿನ ವೃತ್ತ ಎಳೆಯಲು ಹೋದಾಗ, ಅದು ಅರಬ್ಬೀ ಸಮುದ್ರದಿಂದ ತುಮಕೂರಿನ ಆಚೆಗೂ ಹರಡಿತು. ಪದರ (ನಕ್ಷೆಯಲ್ಲಿ ಒಂದು ಬಗೆಯ ಮಾಹಿತಿಯಷ್ಟೇ ಇರುವ ಹಾಳೆ) ಅಕ್ಷಾಂಶ-ರೇಖಾಂಶದಲ್ಲೇ ಇದ್ದುದರಿಂದ ನಾನು ಬರೆದ ‘2’ ಎರಡು ಡಿಗ್ರಿಯಾಗಿತ್ತು. ಡಿಗ್ರಿಯ ಬದಲು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಿಸಿದ ಮೇಲೆ ವೃತ್ತವೇನೋ ಸರಿಯಾಯಿತು. ಆದರೆ ಮಲೆನಾಡಿನಲ್ಲಿ ಸರಳರೇಖೆಯ ದೂರಕ್ಕೆ ಅರ್ಥವಿಲ್ಲ ಎಂಬುದು ನನಗೆ ತಿಳಿದದ್ದು ವೃತ್ತದ ಒಳಗೇ ಇದ್ದ ಒಂದು ಮನೆಯಲ್ಲಿ.

ಆ ಮನೆಯ ಅಜ್ಜಿಗೆ ಮೊಬೈಲಿನಲ್ಲಿ ದಾರಿ ತೋರಿಸಿ, ಬಸ್ ನಿಲ್ದಾಣ ಒಂದು ಕಿಲೋಮೀಟರೂ ಇಲ್ಲವಲ್ಲ ಎಂದೆ. “ಅದು ಬೇಸಿಗೆ ದಾರಿ ಮಾರಾಯ. ಮಳೆ ಹಿಡಿದ್ರೆ ಹಳ್ಳ ದಾಟಕ್ಕಾಗಲ್ಲ, ಗುಡ್ಡ ಸುತ್ತಿ ಹೋಗ್ಬೇಕು” ಎಂದರು. ಮರುದಿನ ಅವರ ಜೊತೆಗೇ ಆ ದಾರಿಯಲ್ಲಿ ನಡೆದೆ. ಸಂಜೆ ಮೊಬೈಲು ದಾಖಲಿಸಿದ ಜಾಡನ್ನು ಗಣಕದಲ್ಲಿ ತೆರೆದಾಗ, ಸಾಲಾಗಿ ಹೋಗಬೇಕಿದ್ದ ಚುಕ್ಕೆಗಳು ಮೂರು ಕಡೆ ಒತ್ತೊತ್ತಾಗಿ ಗುಂಪುಗೂಡಿದ್ದವು: ಗದ್ದೆಯಂಚಿನ ಕಲ್ಲು, ಏರಿನ ಅರ್ಧದಲ್ಲಿದ್ದ ಹಲಸಿನ ಮರ, ಪರಿಚಯದವರ ಮನೆಯ ಜಗಲಿ. ಅವರು ಕೂತು ದಣಿವಾರಿಸಿಕೊಂಡ ಜಾಗಗಳವು. ‘ಕೂರುವ ಜಾಗ’ ಎಂಬ ಹೊಸ ಪದರವನ್ನು ಸೇರಿಸಿದ್ದು ಅಂದೇ, ಮತ್ತು ಈ ಇಡೀ ಕೆಲಸದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಪದರವೂ ಅದೇ. ಜಗಲಿಯಲ್ಲಿ ಅಜ್ಜಿ ಅರ್ಧ ಗಂಟೆ ಮಾತಾಡಿದ್ದರು; ವಾರದಲ್ಲಿ ಮನೆಯವರಲ್ಲದವರೊಡನೆ ಅವರು ಆಡುತ್ತಿದ್ದ ಮಾತೆಲ್ಲ ಬಹುಪಾಲು ಅಲ್ಲಿಯದೇ.

ಇಳಿಜಾರಿನಲ್ಲಿ ನಡಿಗೆಯ ವೇಗ ಲೆಕ್ಕ ಹಾಕಲು ಭೂಗೋಳಶಾಸ್ತ್ರಜ್ಞ ಟೋಬ್ಲರ್ 1993ರಲ್ಲಿ ಕೊಟ್ಟ ಸೂತ್ರವನ್ನು ಬಳಸುವ ರೂಢಿಯಿದೆ. ಅದರಂತೆ ಸಮತಟ್ಟಿನಲ್ಲಿ ಗಂಟೆಗೆ ಸುಮಾರು ಐದು ಕಿಲೋಮೀಟರ್. ನನ್ನ ಜೊತೆ ನಡೆದ ಹಿರಿಯರಲ್ಲಿ ಯಾರೂ ಅದರ ಹತ್ತಿರಕ್ಕೆ ಬರಲಿಲ್ಲವಾದ್ದರಿಂದ ವೇಗವನ್ನು ಅರ್ಧಕ್ಕೆ ಇಳಿಸಿ, ಇಸ್ರೋದ ಭುವನ್ ಜಾಲತಾಣದಿಂದ ಪಡೆದ ಎತ್ತರದ ದತ್ತಾಂಶದ ಮೇಲೆ, ಕಾಲುಸಂಕಗಳನ್ನು ಸೇರಿಸಿ ಒಂದು, ಮಳೆಗೆ ಮುಳುಗುವ ದಾಟುಗಳನ್ನು ತೆಗೆದು ಇನ್ನೊಂದು, ಹೀಗೆ ಎರಡು ನಕ್ಷೆ ಮಾಡಿದೆ. ಎರಡನೆಯದರಲ್ಲಿ ಆ ಅಜ್ಜಿಯ ಮನೆಯಿಂದ ಬಸ್ ನಿಲ್ದಾಣದ ದಾರಿ ಮೂರು ಪಟ್ಟು ಉದ್ದವಾಯಿತು.

ಒಂಟಿಯಾಗಿರುವ ವೃದ್ಧರ ಮನೆಗಳನ್ನು ಚುಕ್ಕೆಯಿಟ್ಟು ತೋರಿಸುವ ನಕ್ಷೆ ಕಳ್ಳರಿಗೂ ಅನುಕೂಲವೇ. ಆದ್ದರಿಂದ ಪಂಚಾಯಿತಿಗೆ ಕೊಟ್ಟ ಪ್ರತಿಯಲ್ಲಿ ಚುಕ್ಕೆಗಳಿಲ್ಲ, ಹಲವು ಮನೆಗಳನ್ನು ಒಟ್ಟುಗೂಡಿಸಿದ ಷಟ್ಕೋನಗಳಷ್ಟೇ ಇವೆ. ಮಳೆಗಾಲದ ನಕ್ಷೆಯ ಇನ್ನೊಂದು ಪ್ರತಿ ಆಶಾ ಕಾರ್ಯಕರ್ತೆಯ ಚೀಲದಲ್ಲಿದೆ. ನಾನು ಉಳಿಯುತ್ತದೆಂದು ಎಣಿಸಿದ್ದ ಎರಡು ಸಂಕಗಳ ಮೇಲೆ ಅವರು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದಿದ್ದಾರೆ. ಗಣಕದಲ್ಲಿ ನಾನಿನ್ನೂ ತಿದ್ದಬೇಕಿದೆ.