ನೂರು ವರ್ಷ ತುಂಬದ ತಾರಸಿ ಮನೆಗೆ ಪಾರಂಪರಿಕ ಪಟ್ಟ: ನನ್ನ ಅನುಭವ

ನೂರು ವರ್ಷ ಆಗದ ಮನೆಗೆ ಪಾರಂಪರಿಕ ಕಟ್ಟಡದ ಪಟ್ಟ ಸಿಗಲ್ಲ ಅಂತ ನಮ್ಮ ಕಡೆಯ ಇಂಜಿನಿಯರುಗಳು, ವಕೀಲರು, ಬಿಲ್ಡರುಗಳು ಎಲ್ಲರೂ ಹೇಳುತ್ತಿದ್ದರು. ಸಿಕ್ಕಿದೆ. ಚಿಕ್ಕಮಗಳೂರು ಪೇಟೆಯೊಳಗಿನ, 1960ರ ಆಸುಪಾಸಿನ ಒಂದು ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ಮನೆಗೆ ಸಿಕ್ಕಿದೆ. ಅದಕ್ಕೆ ಹೆಂಚಿಲ್ಲ, ತೊಟ್ಟಿಯಿಲ್ಲ, ಕೆತ್ತನೆಯ ಕಂಬವಿಲ್ಲ. ಚಪ್ಪಟೆ ತಾರಸಿ, ಮೂರು ಬದಿ ಸುತ್ತಿದ ಉದ್ದ ಸಜ್ಜಾ, ಒಂದೇ ಓರೆ ಕಂಬದ ಮೇಲೆ ನಿಂತ ಪೋರ್ಟಿಕೋ, ಮೆಟ್ಟಿಲ ಪಕ್ಕ ಸಿಮೆಂಟ್ ಜಾಲಿಯ ಗೋಡೆ, ಹಸಿರು ಮೊಸಾಯಿಕ್ ನೆಲ, ಕಬ್ಬಿಣದ ಕಿಟಕಿ. ಇಂಥ ಮನೆಗಳು ಚಿಕ್ಕಮಗಳೂರು, ಹಾಸನ, ಸಕಲೇಶಪುರದಲ್ಲಿ ಇನ್ನೂ ಉಳಿದಿವೆ. ಈ ಕೆಲಸ ಗೊತ್ತಿರುವವರು ಓದುತ್ತೀರಿ ಅಂತ ಬರೆಯುತ್ತಿದ್ದೇನೆ. ಅಳತೆ ತೆಗೆಯುವುದು, ನಕ್ಷೆ ಬರೆಯುವುದು ಇದನ್ನೆಲ್ಲ ವಿವರಿಸಲ್ಲ.

ನೂರು ವರ್ಷದ ಮಾತು ಸುಳ್ಳಲ್ಲ. ಕೇಂದ್ರದ 1958ರ ಸ್ಮಾರಕ ಕಾಯ್ದೆಯಲ್ಲೂ, ರಾಜ್ಯದ 1961ರ ಸ್ಮಾರಕ ಕಾಯ್ದೆಯಲ್ಲೂ ಅದಿದೆ. ಆದರೆ ನಮ್ಮಲ್ಲಿ ಇನ್ನೊಂದು ಕಾಯ್ದೆ ಇದೆ, ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಅದೂ 1961ರದೇ. ಅದರಲ್ಲಿ ಪಾರಂಪರಿಕ ಕಟ್ಟಡ ಅಂದರೆ ಏನು ಅಂತ ಹೇಳುವ ಕಡೆ ವಯಸ್ಸಿನ ಮಾತೇ ಇಲ್ಲ. ವಾಸ್ತುಶಿಲ್ಪ, ಸೌಂದರ್ಯ, ಇತಿಹಾಸ ಅಥವಾ ಸಂಸ್ಕೃತಿಯ ಬೆಲೆ ಇರಬೇಕು, ಯೋಜನಾ ಪ್ರಾಧಿಕಾರ ಅಥವಾ ಅಧಿಕಾರ ಇರುವ ಬೇರೆ ಸಂಸ್ಥೆ ಘೋಷಿಸಬೇಕು, ಅಷ್ಟೇ. ಕಟ್ಟಡ ಪರವಾನಗಿಗೆ ಓಡಾಡುವ ನಾವೆಲ್ಲ ದಿನಾ ಇದೇ ಕಾಯ್ದೆಯ ಕೆಳಗೆ ಕೆಲಸ ಮಾಡುತ್ತೇವೆ. ಆ ಸಾಲನ್ನು ಯಾರೂ ಓದಿರಲಿಲ್ಲ.

ಆದರೂ ನಾನು ಮೊದಲು ಅರ್ಜಿ ಹಾಕಿದ್ದು ಸ್ಮಾರಕ ಕಾಯ್ದೆಯ ಕೆಳಗೆ. ಆಗಲ್ಲ ಅಂತ ಗೊತ್ತಿದ್ದೇ ಹಾಕಿದೆ. ನನಗೆ ಬೇಕಿದ್ದದ್ದು ಆ 'ಆಗಲ್ಲ' ಅನ್ನುವ ಕಾಗದ. ಈ ಮನೆಯನ್ನು ಕಾಪಾಡಲು ಬೇರೆ ಕಾಯ್ದೆ ಇಲ್ಲ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಯೋಜನಾ ಕಾಯ್ದೆಯ ಕೆಳಗೆ ಹಾಕಿದ ಎರಡನೇ ಅರ್ಜಿಗೆ ಅದನ್ನೇ ಮೊದಲ ಲಗತ್ತಾಗಿ ಸೇರಿಸಿದೆ. ಆ ಕಾಗದ ಬರಲು ಒಂದು ಮಳೆಗಾಲವೇ ಕಳೆಯಿತು. ಸೋರುತ್ತಿದ್ದ ಮನೆಯಲ್ಲಿ ಬಕೆಟ್ ಇಡುವ ಜಾಗ ಮಾತ್ರ ಹೆಚ್ಚಾಯಿತು.

ಎರಡನೇ ಅರ್ಜಿಯೂ ಸುಲಭಕ್ಕೆ ಹೋಗಲಿಲ್ಲ. ಇಲ್ಲಿಂದ ಬೇಲೂರು 25 ಕಿಲೋಮೀಟರ್. ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಪರಂಪರೆ ಅಂದ ಕೂಡಲೇ ಎಲ್ಲರ ಕಣ್ಣು ಆ ಕಡೆಗೇ ಹೋಗುತ್ತದೆ. ಕಡತ ನೋಡಿದ ಅಧಿಕಾರಿಯೊಬ್ಬರು, "ಸರ್, ಇದರಲ್ಲಿ ಏನಿದೆ ಅಂತ? ನಮ್ಮ ಮಾವನ ಮನೆನೂ ಹೀಗೇ ಇದೆ" ಅಂದರು. ಯುನೆಸ್ಕೋ 2016ರಲ್ಲಿ ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸ್ ಅನ್ನೂ ಪಟ್ಟಿಗೆ ಸೇರಿಸಿದೆ, ಅದೂ ಸ್ವಾತಂತ್ರ್ಯ ಬಂದ ಮೇಲೆ ಎದ್ದ ಕಾಂಕ್ರೀಟ್ ಕಟ್ಟಡವೇ ಅಂತ ಫೋಟೋ ತೋರಿಸಿದೆ. ದೆಹಲಿಯ ಹಾಲ್ ಆಫ್ ನೇಷನ್ಸ್ ಅನ್ನುವ ವಸ್ತುಪ್ರದರ್ಶನ ಭವನದ ಕತೆಯನ್ನೂ ಹೇಳಿದೆ. ರಾಜ್ ರೇವಲ್ ವಿನ್ಯಾಸ, ಮಹೇಂದ್ರ ರಾಜ್ ಇಂಜಿನಿಯರಿಂಗ್, 1972ರ ಕಟ್ಟಡ. ಅರವತ್ತು ವರ್ಷ ಆಗಿಲ್ಲ ಅನ್ನುವ ಕಾರಣಕ್ಕೆ ಅಲ್ಲಿನ ಪರಂಪರೆ ಸಮಿತಿ ಪಟ್ಟಿಗೆ ಸೇರಿಸಲಿಲ್ಲ. 2017ರ ಏಪ್ರಿಲ್‌ನಲ್ಲಿ ಕೆಡವಿದರು. ಅಧಿಕಾರಿ ಆಸಕ್ತಿಯಿಂದ ಕೇಳಿದರು. ಆದರೆ ಕಡತ ಅಲ್ಲಾಡಲಿಲ್ಲ. ದೊಡ್ಡ ಊರಿನ ದೊಡ್ಡ ಕಟ್ಟಡದ ಉದಾಹರಣೆ ನಮ್ಮ ಪೇಟೆಯ ಮನೆಗೆ ಹತ್ತಲ್ಲ ಅನ್ನುವುದು ಅಲ್ಲಿ ಗೊತ್ತಾಯಿತು.

ಆ ಹೊತ್ತಿನಲ್ಲಿ ಸ್ನೇಹಿತರೊಬ್ಬರು ಒಂದು ಅಡ್ಡದಾರಿ ಹೇಳಿದರು. ಒಟ್ಟೊ ಕೋನಿಗ್ಸ್‌ಬರ್ಗರ್ ವಿನ್ಯಾಸ ಅಂತ ಬರೆದುಬಿಡು, ಯಾರು ಕೇಳ್ತಾರೆ ಅಂದರು. ಕೋನಿಗ್ಸ್‌ಬರ್ಗರ್ 1939ರಿಂದ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿ, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಐಐಎಸ್‌ಸಿ) ಅವರ ಕಟ್ಟಡಗಳಿವೆ, ನಿಜ. ಆದರೆ ಅವರು 1948ರಲ್ಲೇ ಕೇಂದ್ರ ಸರ್ಕಾರದ ಕೆಲಸಕ್ಕೆ ದೆಹಲಿಗೆ ಹೋದವರು. ಈ ಮನೆ ಎದ್ದದ್ದು ಅದಾದ ಹತ್ತು ವರ್ಷಕ್ಕೂ ಮೇಲೆ. ಸುಳ್ಳು ಹೆಸರು ಹಾಕಿ ಪಟ್ಟ ತರುವುದು ನನ್ನಿಂದ ಆಗದ ಕೆಲಸ. ಅದೂ ಅಲ್ಲದೆ ಒಂದು ಸುಳ್ಳು ಸಿಕ್ಕಿಬಿದ್ದರೆ ಉಳಿದ ಎಲ್ಲ ದಾಖಲೆಯೂ ಸುಳ್ಳಾಗುತ್ತದೆ, ಅಲ್ವಾ?

ಕೆಲಸ ತಿರುಗಿದ್ದು ಸೋರಿಕೆಯಿಂದ. ಹಾಲ್ ಮತ್ತು ಊಟದ ಮನೆಯ ನಡುವೆ ಮೋಲ್ಡಿನಲ್ಲಿ, ಅಂದರೆ ತಾರಸಿಯ ಕಾಂಕ್ರೀಟಿನಲ್ಲಿ, ಒಂದು ನೇರ ಗೆರೆ ಇತ್ತು. ಪ್ರತಿ ಮಳೆಗಾಲ ನೀರು ಅಲ್ಲೇ ಇಳಿಯುತ್ತಿತ್ತು. ನನಗಿಂತ ಮುಂಚೆ ಬಂದವರು ಡಾಂಬರ್ ಶೀಟ್ ಹಾಕಿದ್ದರು, ಅದರ ಮೇಲೆ ಬಿಳಿ ಕೆಮಿಕಲ್ ಬಳಿದಿದ್ದರು, ಅದೂ ಬಿರಿದ ಮೇಲೆ ಎರಡು ಇಂಚು ಸಿಮೆಂಟ್ ಗಾರೆ ಹಾಕಿದ್ದರು. ಮನೆಯವರ ಲೆಕ್ಕದಲ್ಲಿ ಇಷ್ಟಕ್ಕೇ ನಾಲ್ಕು ಲಕ್ಷದಷ್ಟು ಹೋಗಿತ್ತು. ಸೋರುವುದು ನಿಂತಿರಲಿಲ್ಲ, ತಾರಸಿಯ ಭಾರ ಮಾತ್ರ ಏರಿತ್ತು. ಮೇಸ್ತ್ರಿ, "ಸರ್, ಸುಮ್ನೆ ಶೀಟ್ ಹೊಡೆಸಿಬಿಡಿ" ಅಂದರು. ನಮ್ಮ ಕಡೆ ಎಲ್ಲ ತಾರಸಿಯ ಗತಿಯೂ ಅದೇ. ತಾರಸಿ ಮೇಲೆ ಶೀಟಿನ ಮಾಡು ಹೊಡೆಸಿದರೆ ಆ ಮನೆಯ ಆಕಾರವೇ ಮುಚ್ಚಿಹೋಗುತ್ತದೆ. ಬೇಡ ಅಂದೆ.

ಆ ಗೆರೆ ಬಿರುಕಲ್ಲ ಅಂತ ಕೈಯಿಟ್ಟಾಗಲೇ ಗೊತ್ತಾಯಿತು. ಎರಡು ಸಲ ಕಾಂಕ್ರೀಟ್ ಹಾಕಿದ ಜಾಗ ಅದು. ಹಳೆಯದರ ಮೇಲೆ ಹೊಸದು ಕೂತಿದೆ, ಎರಡೂ ಬೆಸೆದಿಲ್ಲ. ಯಾಕೆ ಎರಡು ಸಲ? ಉತ್ತರ ಸಿಕ್ಕಿದ್ದು ಅಟ್ಟದ ಮೇಲಿದ್ದ ತೋಟದ ರೈಟರ್ (ಗುಮಾಸ್ತ) ಬರೆದ ಲೆಕ್ಕದ ಪುಸ್ತಕದಲ್ಲಿ. ಅದು ಕಾಫಿ ಬೋರ್ಡ್ ಪೂಲ್ ಕಾಲ. ಬೆಳೆಗಾರರು ಕಾಫಿಯನ್ನು ಪೂಲ್‌ಗೆ, ಅಂದರೆ ಬೋರ್ಡಿನ ಒಟ್ಟು ದಾಸ್ತಾನಿಗೆ, ಕೊಡಬೇಕಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. ಕಂತು ಬಂದ ಪುಟದ ಹಿಂದೆಯೇ ಸಿಮೆಂಟ್ ಮೂಟೆ, ಕಬ್ಬಿಣ, ಸೆಂಟ್ರಿಂಗ್ ಕೂಲಿ ಬರೆದಿದೆ. ಸಿಮೆಂಟ್‌ಗೂ ಆಗ ಸರ್ಕಾರದ ಹತೋಟಿ. ಪರ್ಮಿಟ್ ಸಿಕ್ಕಷ್ಟೇ ಮೂಟೆ, ಭದ್ರಾವತಿಯಿಂದ ಲಾರಿಯಲ್ಲಿ. ಮುಂದಿನ ಕಂತು ಬರುವವರೆಗೆ ಕೆಲಸ ನಿಂತಿದೆ. ಮೋಲ್ಡಿನ ಗೆರೆ ಇರುವುದು ಸರಿಯಾಗಿ ಆ ಎರಡು ಕಂತುಗಳ ನಡುವೆ. ಮೊದಲ ಕಂತಿನಲ್ಲಿ ಹಾಲ್ ಮತ್ತು ಪೋರ್ಟಿಕೋ, ಎರಡನೆಯದರಲ್ಲಿ ಹಿಂದಿನ ಅರ್ಧ.

ಎಲ್ಲರೂ ಮನೆಯ ರೋಗ ಅಂದುಕೊಂಡಿದ್ದ ಗೆರೆಯೇ ಅದರ ಚರಿತ್ರೆ ಆಯಿತು. ಮಲೆನಾಡಿನ ಕಾಫಿ ದುಡ್ಡು ಹೆಂಚು ಬಿಟ್ಟು ಕಾಂಕ್ರೀಟಿಗೆ ಹೇಗೆ ಬಂತು ಅನ್ನುವುದಕ್ಕೆ ಕಟ್ಟಡವೂ ಪುಸ್ತಕವೂ ಒಂದೇ ಮಾತು ಹೇಳುತ್ತಿವೆ. ನಕ್ಷೆಯ ಮೇಲೆ ಪ್ರತಿ ಕಂತಿಗೆ ಒಂದು ಬಣ್ಣ ಹಚ್ಚಿದೆ. ಪಕ್ಕದಲ್ಲಿ ಪುಸ್ತಕದ ಪುಟದ ಫೋಟೋ ಇಟ್ಟೆ. ನಲವತ್ತು ಪುಟದ ವರದಿಯನ್ನು ಹತ್ತು ಹಾಳೆಗೆ ಇಳಿಸಿದೆ. "ಸುಂದರ", "ಅಪರೂಪ" ಅನ್ನುವ ಮಾತುಗಳನ್ನೆಲ್ಲ ತೆಗೆದೆ. ಹಾಳೆಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆ ಅನ್ನುವುದನ್ನು ಇಲ್ಲಿ ಹೇಳಲ್ಲ, ಅದು ನನ್ನ ಹೊಟ್ಟೆಪಾಡು. ಸಭೆಯಲ್ಲಿ ಮೊದಲ ಹಾಳೆ ನೋಡಿದವರು ಕೊನೆಯ ಹಾಳೆವರೆಗೆ ತಲೆ ಎತ್ತಲಿಲ್ಲ. ಮಾವನ ಮನೆ ಮಾತು ಹೇಳಿದ್ದ ಅಧಿಕಾರಿಯೇ ಆ ಮನೆಗೂ ಇಂಥ ಲೆಕ್ಕದ ಪುಸ್ತಕ ಇರಬಹುದಾ ಅಂತ ಕೇಳಿದರು.

ಪರಿಶೀಲನೆಗೆ ಕರೆಯುವ ಮೊದಲು ರಿಪೇರಿ ಮುಗಿಸಲೇಬೇಕು ಅಂತ ಹಟ ಹಿಡಿದೆ. ಸೋರುವ ಮನೆಯನ್ನು ನೋಡಿದವರು ಕೆಡವುವುದೇ ವಾಸಿ ಅಂತಾರೆ. ಮೇಲಿನ ಪದರಗಳನ್ನೆಲ್ಲ ಕಿತ್ತು, ಟನ್‌ಗಟ್ಟಲೆ ಕೆಳಗಿಳಿಸಿ, ಜಾಯಿಂಟ್ ತುಂಬಿ, ಇಟ್ಟಿಗೆ ಜಲ್ಲಿ, ಸುಣ್ಣ, ಸುರ್ಕಿ (ಇಟ್ಟಿಗೆ ಪುಡಿ) ಹಾಕಿ ಇಳಿಜಾರು ಕೊಟ್ಟೆ. ಅಳಲೆಕಾಯಿ ಮತ್ತು ಬೆಲ್ಲ ನೆನೆಸಿದ ನೀರು ಚಿಮುಕಿಸಿ ಕೋಲಿನಲ್ಲಿ ಬಡಿಸಿದೆ. ಬಡಿಯಲು ಗೊತ್ತಿದ್ದವರು ಇಲ್ಲಿ ಸಿಗಲಿಲ್ಲ, ಕಡೂರಿನ ಕಡೆಯಿಂದ ಇಬ್ಬರು ಹಿರಿಯ ಹೆಂಗಸರನ್ನು ಕರೆತಂದೆ. ಅವರೇ ಇಲ್ಲಿನ ಹುಡುಗರಿಗೆ ಕಲಿಸಿದರು. ಮೂಲ ನೀರಿನ ಕೊಳವೆ ಎರಡು ಇಂಚಿನದು, ನಮ್ಮ ಆಷಾಢದ ಮಳೆಗೆ ಅದು ಏನೇನೂ ಸಾಲದು. ನಾಲ್ಕು ಇಂಚಿಗೆ ಏರಿಸಿ, ರಸ್ತೆಯಿಂದ ಕಾಣದ ಹಾಗೆ ಹಿಂದಿನ ಗೋಡೆಗೆ ತಿರುಗಿಸಿದೆ. ಚದರಡಿಗೆ ಹೆಚ್ಚುಕಡಿಮೆ 190 ರೂಪಾಯಿ ಬಿತ್ತು. ಎರಡು ಮಳೆಗಾಲ ಕಳೆದಿದೆ, ಒಂದು ತೊಟ್ಟೂ ಇಳಿದಿಲ್ಲ.

ಸಜ್ಜಾದ್ದು ಬೇರೆ ಕತೆ. ಅಂಚಿನಲ್ಲಿ ಕಾಂಕ್ರೀಟ್ ಉದುರಿ ಕಂಬಿ ಹೊರಗೆ ಬಂದಿತ್ತು. ಎಲ್ಲಿಯವರೆಗೆ ಕೀಳಬೇಕು ಅಂತ ತಿಳಿಯಲು ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಕ್ಷಾರ ತೋರಿಸುವ ಫಿನಾಫ್ತಲೀನ್ ದ್ರಾವಣ ಸಿಂಪಡಿಸಿದೆ. ಕಾಲೇಜಿನ ಲ್ಯಾಬಿನಲ್ಲಿ ನೋಡಿದ ಮೇಲೆ ಮತ್ತೆ ಕೈಗೆತ್ತಿಕೊಂಡಿದ್ದು ಆಗಲೇ. ಗುಲಾಬಿ ಆದರೆ ಅಲ್ಲಿ ಇನ್ನೂ ಕ್ಷಾರ ಇದೆ, ಒಳಗಿನ ಕಂಬಿಗೆ ರಕ್ಷಣೆ ಇದೆ ಅಂತ ಅರ್ಥ. ಹೊರಗಿನ ಒಂದು ಇಂಚು ಬಣ್ಣ ಬರಲಿಲ್ಲ, ಒಳಗೆ ಗಾಢ ಗುಲಾಬಿ. ಕಂಬಿಯ ಮೇಲಿದ್ದ ಹೊದಿಕೆಯೇ ಅರ್ಧ ಇಂಚು, ಹಾಗಾಗಿ ತುಕ್ಕು ಹಿಡಿದಿದ್ದರಲ್ಲಿ ಆಶ್ಚರ್ಯವಿಲ್ಲ. ಇಡೀ ಸಜ್ಜಾ ಒಡೆದು ಹೊಸದು ಹಾಕಲು ಒಬ್ಬರು ಮೂರೂವರೆ ಲಕ್ಷ ಕೇಳಿದ್ದರು. ನಾನು ಅಂಚು ಮಾತ್ರ ಕಿತ್ತು, ಕಂಬಿ ಉಜ್ಜಿ, ಜಿಂಕ್ ಪ್ರೈಮರ್ ಹಚ್ಚಿ, ಪಾಲಿಮರ್ ಗಾರೆಯಲ್ಲಿ ಮೂಲದ ಅಂಚಿನ ಆಕಾರವನ್ನೇ ತಿದ್ದಿದೆ. ಒಂದು ಲಕ್ಷದೊಳಗೆ ಮುಗಿಯಿತು. ಎಲ್ಲಿ ಸೇರಿಸಿದ್ದು ಅಂತ ಈಗ ಹುಡುಕಿದರೂ ಕಾಣಲ್ಲ.

ಅದೇ ಸಜ್ಜಾದ ಕೆಳಗೆ ಏಪ್ರಿಲ್‌ನಲ್ಲಿ ಥರ್ಮಾಮೀಟರ್ ನೇತುಹಾಕಿ ನೋಡಿದೆ. ಮಧ್ಯಾಹ್ನ ಅಂಗಳಕ್ಕೂ ಹಾಲ್‌ಗೂ ಐದು ಡಿಗ್ರಿಯಷ್ಟು ವ್ಯತ್ಯಾಸ ಇರುತ್ತಿತ್ತು, ಫ್ಯಾನ್ ಇಲ್ಲದೆ. ವರದಿಗೆ ಬೇಕಿರಲಿಲ್ಲ, ನನ್ನ ಕುತೂಹಲಕ್ಕೆ ಮಾಡಿದ್ದು. ಜಾಲಿಯ ತೂತನ್ನು ರಟ್ಟಿನಿಂದ ಮುಚ್ಚಿದ ದಿನ ವ್ಯತ್ಯಾಸ ಅರ್ಧಕ್ಕಿಳಿಯಿತು. ಜಾಲಿಗೆ ಗಾಜು ಹಾಕಿಸಬೇಕು ಅಂತಿದ್ದ ಮನೆಯ ಸೊಸೆ ಅದನ್ನು ನೋಡಿ ಮನಸ್ಸು ಬದಲಿಸಿದರು.

ಮೊಸಾಯಿಕ್ ನೆಲ ನನ್ನನ್ನು ತುಂಬಾ ಕಾಡಿತು. ಅಡುಗೆಮನೆ ಬಾಗಿಲಲ್ಲಿ ಪೈಪಿಗಾಗಿ ಒಡೆದು ಕರಿ ಸಿಮೆಂಟ್ ಮೆತ್ತಿದ್ದರು. ಬಿಳಿ ಸಿಮೆಂಟ್, ಹಸಿರು ಆಕ್ಸೈಡ್, ಅಮೃತಶಿಲೆಯ ಚೂರು ಹಾಕಿ ಮಾದರಿ ಬಿಲ್ಲೆ ಮಾಡಿದೆ. ಮೊದಮೊದಲಿನವು ಹಸಿಯಾಗಿದ್ದಾಗ ಸರಿ ಕಾಣುತ್ತಿದ್ದವು, ಒಣಗಿದಾಗ ಗಿಳಿ ಹಸಿರು. ಬೂದು ಸಿಮೆಂಟ್ ಬೆರೆಸಿದೆ, ಮಂಕಾಯಿತು. ಚೂರಿನ ಗಾತ್ರವನ್ನು ಜರಡಿ ಹಿಡಿದು ಬೇರೆ ಮಾಡಿದ ಮೇಲೆ ಹತ್ತಿರ ಬಂತು. 60ರ ತರಿ ಕಲ್ಲಿನಿಂದ ಶುರುಮಾಡಿ 400ರ ನುಣುಪು ಕಲ್ಲಿನವರೆಗೆ ಉಜ್ಜಿಸಿ, ಕೊನೆಗೆ ಆಕ್ಸಾಲಿಕ್ ಪುಡಿಯಲ್ಲಿ ಪಾಲಿಶ್ ಮಾಡಿಸಿದೆ. ಆದರೂ ಹೊಸದು ಅಂತ ಕಣ್ಣಿಗೆ ಹೊಡೆಯುತ್ತಿತ್ತು. ಅದಕ್ಕೆ ಒಂದು ಅಡುಗೆಮನೆಯ ವಸ್ತು ಸೇರಿಸಿ ಹಳೆತನ ತಂದೆ. ಏನು, ಎಷ್ಟು ಅಂತ ನನ್ನ ಪಾಲಿಶ್ ಹುಡುಗನಿಗೂ ಹೇಳಿಲ್ಲ.

ಇಷ್ಟೆಲ್ಲದಕ್ಕಿಂತ ಕಷ್ಟವಾಗಿದ್ದು ಮನೆಯವರ ಒಪ್ಪಿಗೆ. ಆಸ್ತಿ ಮೂರು ಜನ ಮಕ್ಕಳದು. ಯಜಮಾನರ ಹೆಂಡತಿ, ಎಂಬತ್ತು ದಾಟಿದ ಅಮ್ಮ, ಅಲ್ಲೇ ಇದ್ದಾರೆ. ದೊಡ್ಡವರಿಗೆ ಉಳಿಸುವ ಆಸೆ, ನಡುವಿನವರಿಗೆ ಬಿಲ್ಡರ್ ಜೊತೆ ಮಾತು, ಕೊನೆಯವರು ಹೊರದೇಶ. "ಪಟ್ಟ ಬಂದ ಮೇಲೆ ಮಾರೋಕಾಗಲ್ಲ, ಒಂದು ಮೊಳೆ ಹೊಡೆಯೋಕೂ ಪರ್ಮಿಷನ್ ಕೇಳಬೇಕು" ಅಂತ ಯಾರೋ ಹೆದರಿಸಿದ್ದರು. ಮಾರಬಹುದು, ಬಾಡಿಗೆಗೆ ಕೊಡಬಹುದು. ಕೆಡವುವುದಕ್ಕೆ ಮತ್ತು ರೂಪ ಬದಲಿಸುವುದಕ್ಕೆ ಮಾತ್ರ ಅನುಮತಿ ಬೇಕು. ಬಾಯಿಮಾತಿಗೆ ಅವರು ನಂಬಲಿಲ್ಲ. ಆಗ ಒಂದು ನಕ್ಷೆ ಬರೆದೆ. ರಸ್ತೆ ಕಡೆಯ ಮುಖ, ಸಜ್ಜಾ, ಪೋರ್ಟಿಕೋ, ಮೆಟ್ಟಿಲು, ಜಾಲಿ, ನೆಲ ಇವಿಷ್ಟು ಕೆಂಪು, ಮುಟ್ಟುವಂತಿಲ್ಲ. ಅಡುಗೆಮನೆ, ಬಚ್ಚಲು, ಹಿಂದಿನ ಕೋಣೆಗಳು ಹಳದಿ, ಬೇಕಾದ ಹಾಗೆ ಬದಲಿಸಿಕೊಳ್ಳಿ. ಹಿಂದಿನ ಖಾಲಿ ಜಾಗವನ್ನು ಅರ್ಜಿಯಿಂದಲೇ ಹೊರಗಿಟ್ಟೆ. ಅದು ನಡುವಿನವರ ಪಾಲಿಗೆ ಹೋಯಿತು. ಮುಂದಿನ ಮನೆಗಿಂತ ಎತ್ತರ ಕಟ್ಟಲ್ಲ ಅಂತ ವಿಭಾಗ ಪತ್ರದಲ್ಲೇ ಬರೆಸಿದೆವು. ಬೇರೆ ಕಡೆ ಇಡೀ ಸೈಟನ್ನೇ ಅರ್ಜಿಗೆ ಸೇರಿಸಿ ಮನೆಯೂ ಇಲ್ಲ, ಪಟ್ಟವೂ ಇಲ್ಲ ಅಂತಾದದ್ದನ್ನು ನೋಡಿದ್ದೇನೆ. ಗಡಿ ಗೆರೆ ಎಲ್ಲಿ ಎಳೆಯುತ್ತೀರಿ ಅನ್ನುವುದರ ಮೇಲೆಯೇ ಅರ್ಧ ಕೆಲಸ ನಿಂತಿದೆ.

ಸಹಿಗಳು ಬಂದ ಮೇಲೆ ಉಳಿದದ್ದು ಬೇಗ ಆಯಿತು. ಸ್ಥಳ ಪರಿಶೀಲನೆ, ಆಕ್ಷೇಪಣೆಗೆ ಪ್ರಕಟಣೆ, ಸಭೆಯಲ್ಲಿ ನಿರ್ಣಯ. ಆಕ್ಷೇಪಣೆ ಒಂದೂ ಬರಲಿಲ್ಲ.

ಖರ್ಚು ನೆನಪಿನಿಂದ ಹೇಳುತ್ತೇನೆ. ರಿಪೇರಿ ಒಟ್ಟು ಒಂಬತ್ತು ಲಕ್ಷದ ಹತ್ತಿರ. ಕಿಟಕಿಗಳದ್ದೇ ಅದರಲ್ಲಿ ಒಂದೂಮುಕ್ಕಾಲು, ಹಿತ್ತಾಳೆ ಹಿಡಿಕೆ ಎರಕ ಹೊಯ್ಯಿಸಿದ್ದೂ ಸೇರಿ. ಅಳತೆ, ನಕ್ಷೆ, ಫೋಟೋ, ದಾಖಲೆ ಪ್ರತಿ ಎಲ್ಲ ಸೇರಿ ಒಂದೂಕಾಲು ಲಕ್ಷ. ನನ್ನ ಫೀಸನ್ನು ಅರ್ಧಕ್ಕೆ ಇಳಿಸಿದ್ದೆ, ಮೊದಲ ಮನೆ ಅಂತ. ಮುಂದಿನದಕ್ಕೆ ಇಳಿಸಲ್ಲ. ಶೀಟ್ ಹೊಡೆಸುವುದಕ್ಕೇ ಆರು ಲಕ್ಷದ ಅಂದಾಜು ಕೊಟ್ಟಿದ್ದರು ಅನ್ನುವುದನ್ನು ನೆನಪಿಡಿ.

ಹಾಸನದಲ್ಲಿ ಎರಡು ಮನೆಯವರು ಕೇಳಿದ್ದಾರೆ. ಒಂದರಲ್ಲಿ ಅಣ್ಣತಮ್ಮಂದಿರ ದಾವೆ ನಡೀತಿದೆ, ಅದು ಮುಗಿಯುವವರೆಗೆ ಟೇಪ್ ಹಿಡಿಯಲ್ಲ ಅಂತ ಹೇಳಿದ್ದೇನೆ. ಇನ್ನೊಂದಕ್ಕೆ ಖಾತೆ ಸರಿಯಿದೆ, ಹಳೆಯ ಲೆಕ್ಕದ ಪುಸ್ತಕಗಳೂ ಇವೆಯಂತೆ. ಗೆದ್ದಲು ಹಿಡಿಯುವ ಮುಂಚೆ ಫೋಟೋ ತೆಗೆದಿಡಿ ಅಂದಿದ್ದೇನೆ. ಮಳೆ ನಿಂತ ಕೂಡಲೇ ಅಲ್ಲಿಯ ತಾರಸಿ ಹತ್ತುತ್ತೇನೆ.