ಅಮ್ಮ ಒಪ್ಪದ ‘ಅವಲಂಬಿತೆ’

“ನಾನ್ಯಾಕೆ ನಿನ್ನ ಹಂಗಿನಲ್ಲಿರಲಿ? ನನಗೆ ಪೆನ್ಷನ್ ಬರಲ್ವಾ?” ಅವರನ್ನು ನನ್ನ ಅವಲಂಬಿತೆ ಎಂದು ಬರೆಸುವ ಫಾರ್ಮ್ ಓದಿ ಹೇಳಿದ್ದಕ್ಕೆ ಅಮ್ಮ ಕೇಳಿದ್ದು ಇಷ್ಟೇ. ಅರ್ಜಿಯ ಗಂಟು ಇದ್ದದ್ದೂ ಆ ಪೆನ್ಷನ್ನಿನಲ್ಲೇ.

ಅಮೆರಿಕದ ಸೇನೆಯಲ್ಲಿದ್ದು ಬಂದವನು ನಾನು. ಮೊಣಕಾಲು, ಕಿವಿ ಎರಡಕ್ಕೂ ಸೇರಿಸಿ ವಿಎ (ಮಾಜಿ ಸೈನಿಕರ ಇಲಾಖೆ) 50 ಪರ್ಸೆಂಟ್ ಅಂಗವೈಕಲ್ಯದ ರೇಟಿಂಗ್ ಕೊಟ್ಟಿದೆ. 30 ಇಲ್ಲವೇ ಹೆಚ್ಚಿದ್ದರೆ ಅವಲಂಬಿತರ ಲೆಕ್ಕದಲ್ಲಿ ತಿಂಗಳ ಪರಿಹಾರಕ್ಕೆ ಇನ್ನಷ್ಟು ಹಣ ಸೇರುತ್ತದೆ. ಹೆಂಡತಿ ಮಕ್ಕಳನ್ನು 686ಸಿ ಫಾರ್ಮಿನಲ್ಲಿ ಸೇರಿಸಿ ಸುಮ್ಮನಿದ್ದೆ. ತಂದೆತಾಯಿಗೆ 21ಪಿ-509 ಅನ್ನೋ ಬೇರೆಯೇ ಫಾರ್ಮ್ ಇದೆಯೆಂದು ತಿಳಿಯುವಷ್ಟರಲ್ಲಿ ರೇಟಿಂಗ್ ಪತ್ರ ಬಂದು ಎರಡು ವರ್ಷ ಆಗಿತ್ತು. ಅಮ್ಮ ಆಗಲೇ ನಮ್ಮ ಜೊತೆಗಿದ್ದರು. ವರ್ಷದೊಳಗೆ ಕೊಟ್ಟಿದ್ದರೆ ಹಿಂದಿನ ಬಾಕಿ ಕೇಳಬಹುದಿತ್ತು. ಹೋಯ್ತು.

ಸಂಬಂಧ ತೋರಿಸೋಕೆ ನನ್ನ ಜನನ ಪ್ರಮಾಣಪತ್ರ ತೆಗೆದರೆ ಅದರಲ್ಲಿ ನನ್ನ ಹೆಸರೇ ಇಲ್ಲ, ‘ಗಂಡು ಮಗು’ ಅಂತಷ್ಟೇ ಇದೆ! ದಾವಣಗೆರೆಯಲ್ಲಿದ್ದ ನನ್ನ ತಮ್ಮ ಅರ್ಜಿ ಹಾಕಿ ಹೆಸರು ಸೇರಿಸಿ ಕಳಿಸಿದ. ಕನ್ನಡದ್ದಕ್ಕೆ ಇಂಗ್ಲಿಷ್ ಅನುವಾದ ಲಗತ್ತಿಸಿದೆ.

ತಲೆ ತಿಂದದ್ದು ಆದಾಯದ ಕಾಲಂ. ಇಲ್ಲೇ ವಾಸವಿರುವ ಒಂಟಿ ತಾಯಿಯ ತಿಂಗಳ ಆದಾಯ 400 ಡಾಲರ್ ಮೀರದಿದ್ದರೆ ಅವಲಂಬಿತೆ ಎಂದು ನೇರವಾಗಿ ಒಪ್ಪುತ್ತಾರೆ. ಅಪ್ಪನ ಫ್ಯಾಮಿಲಿ ಪೆನ್ಷನ್ 18,000 ರೂಪಾಯಿ, ಊರಿನ ಮನೆಬಾಡಿಗೆ 12,000. ಅಲ್ಲಿಗೆ ಬಚಾವ್. ಎಫ್‌ಡಿ ಬಡ್ಡಿ 5,000 ಸೇರಿಸಿದರೆ ಆಗಿನ ದರದಲ್ಲಿ 420 ಡಾಲರಿನ ಆಸುಪಾಸು. “ಬಡ್ಡಿ ಯಾರು ನೋಡ್ತಾರೆ, ಬಿಡಿ” ಅಂದಳು ಹೆಂಡತಿ. ನನಗೆ ಧೈರ್ಯ ಬರಲಿಲ್ಲ. ಸುಳ್ಳು ಲೆಕ್ಕ ಕೊಟ್ಟು ನಾಳೆ ವಿಎಗೆ ಸಾಲಗಾರ ಆಗೋದು ಬೇಡ. ಊರಿನ ಮನೆಯನ್ನೂ ಆಸ್ತಿಯಲ್ಲಿ ಬರೆದೆ.

400 ದಾಟಿದ ಮಾತ್ರಕ್ಕೆ ಬಾಗಿಲು ಮುಚ್ಚೋದಿಲ್ಲ; ಆ ಆದಾಯ ಸಾಧಾರಣ ಜೀವನಕ್ಕೆ ಸಾಲದು ಅಂತ ತೋರಿಸಬೇಕು, ಅಷ್ಟೇ. ಅಮ್ಮನಿಗೆ ಗ್ರೀನ್ ಕಾರ್ಡ್ ಬಂದು ಐದು ವರ್ಷ ಆಗಿರಲಿಲ್ಲ, ಹಾಗಾಗಿ ಮೆಡಿಕೇರ್ (ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಇಲ್ಲ. ಖಾಸಗಿ ವಿಮೆಯ ಕಂತೊಂದೇ ಅವರ ಆದಾಯವನ್ನು ನುಂಗುತ್ತಿತ್ತು. ಆ ರಸೀದಿಗಳು, ಮಾತ್ರೆ ಬಿಲ್ಲು, ಕಣ್ಣಿನ ಡಾಕ್ಟರ ಬಿಲ್ಲು ಎಲ್ಲ ಜೋಡಿಸಿದೆ. ಮಾಜಿ ಸೈನಿಕರ ಸಂಘದ ಪ್ರತಿನಿಧಿಯೊಬ್ಬರು ಕಾಸು ತೆಗೆದುಕೊಳ್ಳದೆ ಎಲ್ಲ ತಿರುವಿ ನೋಡಿ ಕಳಿಸಿಕೊಟ್ಟರು.

ಮಂಜೂರಾದ ಪತ್ರ ಬಂದ ದಿನ ಅಮ್ಮ ತಮ್ಮ ಹೆಸರಿದ್ದ ಸಾಲನ್ನು ಎರಡು ಸಲ ಓದಿಸಿಕೊಂಡರು. ಎಷ್ಟು ಅಂತ ಕೇಳಿದರು. ಹೇಳಿದೆ.

“ಹಂಗಾದ್ರೆ ಮಾತ್ರೆ ಅದರಲ್ಲೇ ತಗೊಂಡು ಬಾ. ನನ್ನ ಪೆನ್ಷನ್ ಮುಟ್ಟಬೇಡ.”